ಆಕಾರಗಳಿಗೆ ವ್ಯಾಕರಣ ಬರೆದ ಗ್ಯಾಸ್ಪಾರ್ ಮೋಂಜ್

ಮೋಟಾರು ಕಾರಿನ ಮೈಯಾಗಲಿ, ವಿಮಾನದ ರೆಕ್ಕೆಯಾಗಲಿ, ಇಂದು ಕಾರ್ಖಾನೆಯಲ್ಲಿ ಹುಟ್ಟುವುದಕ್ಕೆ ಮೊದಲು ಗಣಕಯಂತ್ರದ ತೆರೆಯ ಮೇಲೆ ಹುಟ್ಟುತ್ತದೆ. ತೆರೆ ಚಪ್ಪಟೆಯಾದುದು, ವಸ್ತುವಿಗಾದರೋ ಉದ್ದ, ಅಗಲ, ಎತ್ತರ ಮೂರೂ ಉಂಟು. ಗಾತ್ರವುಳ್ಳದ್ದನ್ನು ಚಪ್ಪಟೆಯ ಮೇಲೆ ಏನೂ ಕಳೆದುಹೋಗದಂತೆ ಇಳಿಸುವುದು, ಇಳಿಸಿದ್ದರಿಂದ ಗಾತ್ರವನ್ನು ಮತ್ತೆ ಎತ್ತಿ ನಿಲ್ಲಿಸುವುದು, ಹಾಗೆ ನಿಲ್ಲಿಸಿದ ಮೈಯ ಬಾಗುಬಳುಕುಗಳನ್ನು ಅಳೆಯುವುದು, ಇದೇ ಆ ವಿದ್ಯೆಯ ತಿರುಳು. ಗಣಕಯಂತ್ರವೆಂಬುದು ಯಾರ ಕನಸಿನಲ್ಲಿಯೂ ಇಲ್ಲದಿದ್ದ ಹದಿನೆಂಟನೆಯ ಶತಮಾನದಲ್ಲಿ ಈ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟವನು ಗ್ಯಾಸ್ಪಾರ್ ಮೋಂಜ್ ಎಂಬ ಫ್ರೆಂಚ್ ಅಧ್ಯಾಪಕ. ಅಧ್ಯಾಪಕನೆಂದೇ ಅವನನ್ನು ಕರೆಯಲು ನನಗೆ ಇಷ್ಟ. ಮಂತ್ರಿ, ಸೆನೆಟರು, ಕೌಂಟ್ ಎಂಬ ಬಿರುದುಗಳೆಲ್ಲ ಅವನಿಗೆ ಬಂದವು, ಬಂದಂತೆಯೇ ಹೋದವು. ಕಲಿಸುವ ಕೆಲಸವೊಂದೇ ಅವನದಾಗಿ ಉಳಿಯಿತು.

ಮೋಂಜ್ ಹುಟ್ಟಿದ್ದು 1746ರ ಮೇ ತಿಂಗಳಲ್ಲಿ, ಬರ್ಗಂಡಿ ಪ್ರಾಂತದ ಬೋನ್ ಎಂಬ ಪಟ್ಟಣದಲ್ಲಿ. ದ್ರಾಕ್ಷಾರಸಕ್ಕೆ ಹೆಸರಾದ ಊರು ಅದು. ತಂದೆ ಜಾಕ್ ಮೋಂಜ್ ಊರೂರು ತಿರುಗಿ ಸಂತೆಗಳಲ್ಲಿ ಸಾಮಾನು ಮಾರುತ್ತಿದ್ದ ಬಡ ವ್ಯಾಪಾರಿ. ಚಾಕು ಕತ್ತರಿಗಳಿಗೆ ಸಾಣೆ ಹಿಡಿಯುತ್ತಿದ್ದನೆಂದೂ ಹೇಳುತ್ತಾರೆ. ತಾನು ಹೊತ್ತ ಮೂಟೆ ಮಕ್ಕಳ ಬೆನ್ನಿಗೆ ಬರಬಾರದೆಂಬ ಹಟ ಆ ತಂದೆಯದು. ಮೂವರು ಗಂಡುಮಕ್ಕಳನ್ನೂ ಊರಿನ ಪಾದ್ರಿಗಳ ಶಾಲೆಗೆ ಸೇರಿಸಿದನು. ಮೂವರೂ ಗಣಿತದ ಅಧ್ಯಾಪಕರಾದರು. ಹಿರಿಯವನಾದ ಗ್ಯಾಸ್ಪಾರ್ ಹದಿನಾಲ್ಕರ ವಯಸ್ಸಿನಲ್ಲಿಯೇ ಬೆಂಕಿ ಆರಿಸುವ ನೀರಿನ ಯಂತ್ರವೊಂದನ್ನು ಯಾರ ನೆರವೂ ಇಲ್ಲದೆ ಮಾಡಿ ತೋರಿಸಿದನೆಂಬ ಕಥೆ ಇದೆ. ಹದಿನಾರರಲ್ಲಿ ಲಿಯಾನ್ ನಗರದ ಕಾಲೇಜಿಗೆ ಹೋದವನು ಮರುವರ್ಷವೇ ಅಲ್ಲಿ ಭೌತಶಾಸ್ತ್ರ ಪಾಠ ಹೇಳತೊಡಗಿದನು.

1764ರಲ್ಲಿ ಊರಿಗೆ ಹಿಂದಿರುಗಿದ ತರುಣ ಬೋನ್ ಪಟ್ಟಣದ ದೊಡ್ಡದೊಂದು ನಕ್ಷೆಯನ್ನು ಬರೆದನು. ಅಳೆಯುವ ಸಲಕರಣೆಗಳನ್ನು ತಾನೇ ಮಾಡಿಕೊಂಡನು, ವಿಧಾನವನ್ನೂ ತಾನೇ ಹೂಡಿದನು. ಆ ನಕ್ಷೆ ಮೆಜಿಯೇರ್ ಎಂಬ ಊರಿನಲ್ಲಿದ್ದ ಸೇನಾ ಎಂಜಿನಿಯರುಗಳ ರಾಜಶಾಲೆಯ ಅಧಿಕಾರಿಯೊಬ್ಬನ ಕಣ್ಣಿಗೆ ಬಿದ್ದಿತು. ಮರುವರ್ಷ ಮೋಂಜ್‌ನಿಗೆ ಅಲ್ಲಿಂದ ಕರೆ ಬಂದಿತು. ಆದರೆ ಬಂದ ಕರೆ ವಿದ್ಯಾರ್ಥಿಯಾಗಲು ಅಲ್ಲ, ನಕ್ಷೆಗಾರನಾಗಲು. ವಿದ್ಯಾರ್ಥಿಯಾಗಿ ಸೇರಿ ಅಧಿಕಾರಿಯಾಗಬೇಕಾದರೆ ಕುಲೀನರ ಮನೆತನದಲ್ಲಿ ಹುಟ್ಟಿರಬೇಕು. ಸಂತೆ ವ್ಯಾಪಾರಿಯ ಮಗನಿಗೆ ದೊರೆತದ್ದು ಗಾರೆಯಲ್ಲಿ ಮಾದರಿಗಳನ್ನು ಎರಕ ಹೊಯ್ಯುವ, ಕಲ್ಲು ಮರಗಳ ಕೆತ್ತನೆಗೆ ಗೆರೆ ಹಾಕುವ ಕೆಳಗಿನ ವಿಭಾಗ. ಆ ವಿಭಾಗವನ್ನು ಗಾರೆಯ ಹೆಸರಿನಿಂದಲೇ ಹಂಗಿಸಿ ಕರೆಯುತ್ತಿದ್ದರು. ಮೋಂಜ್‌ನಿಗೆ ಇದರ ಕಹಿ ಜೀವಮಾನವಿಡೀ ಹೋಗಲಿಲ್ಲ. ಮುಂದೆ ಮಹಾಕ್ರಾಂತಿಯ ಪಕ್ಷವನ್ನು ಅವನು ಅಷ್ಟು ತೀವ್ರವಾಗಿ ಹಿಡಿದುದಕ್ಕೆ ಬೇರು ಇಲ್ಲಿಯೇ ಇದೆಯೆಂದು ನನ್ನ ಭಾವನೆ.

ಒಂದು ದಿನ ಅವನಿಗೆ ಕೋಟೆಯೊಂದರ ಲೆಕ್ಕ ಬಂದಿತು. ಸುತ್ತಲಿನ ದಿಬ್ಬಗಳಲ್ಲಿ ಎಲ್ಲಿ ನಿಂತು ನೋಡಿದರೂ, ಎಲ್ಲಿಂದ ಗುಂಡು ಹಾರಿಸಿದರೂ ಕೋಟೆಯ ಒಳಗಿರುವವರು ಶತ್ರುವಿಗೆ ಸಿಕ್ಕಬಾರದು. ಗೋಡೆಗಳನ್ನು ಎಲ್ಲಿ ಎಷ್ಟು ಎತ್ತರಿಸಬೇಕು? ಹಳೆಯ ಕ್ರಮದಲ್ಲಿ ಇದು ಒಂದೊಂದು ಬಿಂದುವಿಗೂ ಅಂಕಗಣಿತ ಮಾಡುತ್ತ ದಿನಗಟ್ಟಲೆ ಕೂರುವ ಕೆಲಸ. ಮೋಂಜ್ ಅಂಕಿಗಳನ್ನು ಬದಿಗಿಟ್ಟು ಗೆರೆಗಳಿಂದಲೇ ಅದನ್ನು ಬಿಡಿಸಿ ಬಹಳ ಬೇಗ ಉತ್ತರ ತಂದನು. ಇಷ್ಟು ಹೊತ್ತಿನಲ್ಲಿ ಲೆಕ್ಕ ಮಾಡಿ ಮುಗಿಸುವುದೇ ಅಸಾಧ್ಯ, ನೋಡುವ ಅಗತ್ಯವೇ ಇಲ್ಲವೆಂದು ಮೇಲಧಿಕಾರಿ ಮೊದಲು ಅದನ್ನು ತಳ್ಳಿಹಾಕಿದನಂತೆ. ತರುಣ ಪಟ್ಟು ಬಿಡಲಿಲ್ಲ. ಪರೀಕ್ಷಿಸಿ ನೋಡಿದಾಗ ಉತ್ತರ ಸರಿಯಾಗಿತ್ತು. ಗಾರೆಯ ವಿಭಾಗದಿಂದ ಅವನನ್ನು ಮೇಲಕ್ಕೆ ಎತ್ತಿದ್ದು ಆ ಲೆಕ್ಕ. 1769ರಲ್ಲಿ ಅದೇ ಶಾಲೆಯ ಗಣಿತದ ಪ್ರಾಧ್ಯಾಪಕನ ಸ್ಥಾನಕ್ಕೆ ಬಂದನು.

ಆ ಗೆರೆಗಳ ವಿದ್ಯೆ ಯಾವುದು? ನಾನು ಗಣಿತದವನಲ್ಲ. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ ತನ್ನ ಡ್ರಾಯಿಂಗ್ ಹಾಳೆಯನ್ನು ಹರಡಿ ತೋರಿಸಿದಾಗ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಒಂದು ಪುಸ್ತಕವನ್ನು ಅರ್ಧ ತೆರೆದು ಒಂದು ರಟ್ಟು ಮೇಜಿನ ಮೇಲೆ ಮಲಗುವಂತೆಯೂ ಇನ್ನೊಂದು ನೆಟ್ಟಗೆ ನಿಲ್ಲುವಂತೆಯೂ ಇಟ್ಟುಕೊಳ್ಳಿರಿ. ಅವುಗಳ ಎದುರು ಒಂದು ಕಡ್ಡಿಯನ್ನು ಓರೆಯಾಗಿ ಹಿಡಿಯಿರಿ. ನೇರವಾಗಿ ಮೇಲಿನಿಂದ ನೋಡಿ ಕೆಳಗಿನ ರಟ್ಟಿನ ಮೇಲೆ ಅದರ ಗುರುತು ಹಾಕಿರಿ. ನೇರವಾಗಿ ಎದುರಿನಿಂದ ನೋಡಿ ನಿಂತ ರಟ್ಟಿನ ಮೇಲೆ ಇನ್ನೊಂದು ಗುರುತು ಹಾಕಿರಿ. ಈಗ ಪುಸ್ತಕವನ್ನು ಪೂರ್ತಿ ಬಿಚ್ಚಿ ಚಪ್ಪಟೆ ಮಾಡಿದರೆ ಒಂದೇ ಹಾಳೆಯ ಮೇಲೆ ಎರಡು ಗೆರೆಗಳು ನಿಲ್ಲುತ್ತವೆ. ಇವೆರಡರಲ್ಲಿ ಯಾವುದೂ ಕಡ್ಡಿಯ ನಿಜವಾದ ಉದ್ದವಲ್ಲ. ಆದರೂ ಎರಡೂ ಸೇರಿದರೆ ಕಡ್ಡಿಯ ಸಂಗತಿ ಒಂದೂ ಬಿಟ್ಟುಹೋಗಿಲ್ಲ. ಕೆಳಗಿನ ಗೆರೆಯ ಉದ್ದವನ್ನು ಒಂದು ಭುಜವಾಗಿ, ನಿಂತ ರಟ್ಟಿನಿಂದ ತೆಗೆದ ಎತ್ತರದ ಅಂತರವನ್ನು ಇನ್ನೊಂದು ಭುಜವಾಗಿ ಇಟ್ಟು ಲಂಬಕೋನ ತ್ರಿಭುಜ ಎಳೆದರೆ, ಕರ್ಣವೇ ಕಡ್ಡಿಯ ನಿಜವಾದ ಉದ್ದ. ಕಡ್ಡಿಯ ಜಾಗದಲ್ಲಿ ಕೋಟೆಯ ಗೋಡೆಯನ್ನಿಡಬಹುದು, ಕಮಾನಿನ ಕಲ್ಲನ್ನಿಡಬಹುದು. ಒಂದು ಕೊಳವೆ ಒಂದು ಶಂಕುವಿನೊಳಕ್ಕೆ ತೂರಿದರೆ ಇವೆರಡೂ ಯಾವ ಗೆರೆಯಲ್ಲಿ ಕೂಡುತ್ತವೆಂದು ಕಂಡುಹಿಡಿಯಬಹುದು: ಎರಡನ್ನೂ ಸಮತಲಗಳಿಂದ ಹೋಳು ಹೋಳಾಗಿ ಕತ್ತರಿಸಿದಂತೆ ಭಾವಿಸಿ, ಒಂದೊಂದು ಹೋಳಿನಲ್ಲಿಯೂ ಎರಡರ ಅಂಚುಗಳು ಸೇರುವ ಬಿಂದುಗಳನ್ನು ಗುರುತಿಸಿ, ಆ ಬಿಂದುಗಳನ್ನು ಜೋಡಿಸಿದರಾಯಿತು. ಗಣಕಯಂತ್ರದಲ್ಲಿ ವಿನ್ಯಾಸ ಮಾಡುವವನ ಮುಂದೆ ಇಂದಿಗೂ ಮೇಲಿನ ನೋಟ, ಎದುರಿನ ನೋಟಗಳು ತೆರೆದಿರುತ್ತವೆ. ಗೆರೆ ಎಳೆಯುವ ಶ್ರಮವನ್ನು ಯಂತ್ರ ವಹಿಸಿಕೊಂಡಿದೆ. ನೋಡುವ ಕ್ರಮ ಮಾತ್ರ ಮೋಂಜ್‌ನದೇ.

ಇದೆಲ್ಲವನ್ನೂ ಅವನೊಬ್ಬನೇ ಶೂನ್ಯದಿಂದ ಸೃಷ್ಟಿಸಿದನೆಂದರೆ ಅತಿಶಯೋಕ್ತಿಯಾದೀತು. ಬಡಗಿಗಳಿಗೂ ಕಲ್ಲುಕುಟಿಗರಿಗೂ ಇಂಥ ಗೆರೆಗಳು ಬಹುಕಾಲದಿಂದ ಗೊತ್ತಿದ್ದವು. ಜರ್ಮನಿಯ ಚಿತ್ರಕಾರ ಡ್ಯೂರರ್ ಅವುಗಳನ್ನು ಬಳಸಿದ್ದನು. ಫ್ರೆಂಚ್ ಎಂಜಿನಿಯರ್ ಫ್ರೆಜಿಯೆ ಕಲ್ಲು ಕತ್ತರಿಸುವ ಶಾಸ್ತ್ರದ ಮೇಲೆ ದೊಡ್ಡ ಗ್ರಂಥವನ್ನೇ ಬರೆದಿದ್ದನು. ಆದರೆ ಅವರಲ್ಲಿ ಇದ್ದದ್ದು ಒಂದೊಂದು ಸಂದರ್ಭಕ್ಕೆ ಒಂದೊಂದು ಉಪಾಯ. ಗುರುವಿನ ಕೈಯಿಂದ ಶಿಷ್ಯನ ಕೈಗೆ ದಾಟುತ್ತಿದ್ದ ಗುಟ್ಟುಗಳು. ಕನ್ನಡದ ವಾಚಕರಿಗೆ ಹೇಳುವುದಾದರೆ, ಪಂಪ ರನ್ನರು ಬರೆಯುವಾಗ ಅವರ ಮುಂದೆ ಶಬ್ದಮಣಿದರ್ಪಣ ಇರಲಿಲ್ಲ. ಅವರ ಪ್ರಯೋಗಗಳನ್ನು ಆಯ್ದು ನೋಡಿ ಕೇಶಿರಾಜ ಆಮೇಲೆ ಸೂತ್ರಗಳನ್ನು ಕಟ್ಟಿದನು. ಮೋಂಜ್ ಮಾಡಿದ್ದೂ ಅಂಥದೇ ಕೆಲಸ. ಕುಶಲಕರ್ಮಿಗಳ ಪ್ರಯೋಗಗಳ ಹಿಂದಿದ್ದ ಸಾಮಾನ್ಯ ನಿಯಮಗಳನ್ನು ಹೊರಕ್ಕೆ ತೆಗೆದು, ಯಾವ ಆಕಾರಕ್ಕಾದರೂ ಅನ್ವಯಿಸಬಲ್ಲ ಒಂದು ವ್ಯಾಕರಣವನ್ನು ರಚಿಸಿದನು. ಅದನ್ನು ವಿವರಣಾತ್ಮಕ ರೇಖಾಗಣಿತ ಎನ್ನಬಹುದು.

ಆದರೆ ಆ ವ್ಯಾಕರಣವನ್ನು ಅವನು ಹೊರಗೆ ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ಕೋಟೆ ಕಟ್ಟುವ ವಿದ್ಯೆ ಶತ್ರುಗಳ ಕೈಸೇರಬಾರದೆಂದು ರಾಜ್ಯ ಅದನ್ನು ಸೇನೆಯ ಗುಟ್ಟಾಗಿ ಇಟ್ಟಿತು. ಕಾಲು ಶತಮಾನಕ್ಕೂ ಹೆಚ್ಚು ಕಾಲ ಅದು ಮೆಜಿಯೇರಿನ ಗೋಡೆಗಳ ಒಳಗೇ ಉಳಿಯಿತು. ಕುಲೀನರ ಮಕ್ಕಳಿಗೆ ಅದನ್ನು ಕಲಿಸುತ್ತಿದ್ದವನು ಮಾತ್ರ ಅವರ ಸಾಲಿನಲ್ಲಿ ಕೂರಲು ಅರ್ಹನಲ್ಲದವನು!

ಗುಟ್ಟಿಗೆ ಒಳಪಡದ ಬೇರೆ ಕೆಲಸಗಳು ಈ ಅವಧಿಯಲ್ಲಿಯೇ ಬೆಳಕಿಗೆ ಬಂದವು. ಅವುಗಳಲ್ಲಿ ಎರಡನ್ನು ಹೇಳದೆ ಬಿಡಲಾಗದು. ಮೊದಲನೆಯದು ಮಣ್ಣು ಹೊರುವ ಪ್ರಶ್ನೆ. ಕೋಟೆ ಕಟ್ಟುವಾಗ ಒಂದು ಕಡೆ ಅಗೆದ ಮಣ್ಣನ್ನು ಇನ್ನೊಂದು ಕಡೆ ತುಂಬಬೇಕು. ಯಾವ ಗುಂಡಿಯ ಮಣ್ಣು ಯಾವ ದಿಬ್ಬಕ್ಕೆ ಹೋದರೆ ಒಟ್ಟು ಶ್ರಮ ಅತ್ಯಂತ ಕಡಿಮೆಯಾದೀತು? ಇಬ್ಬರು ಮಣ್ಣು ಹೊರುವವರ ದಾರಿಗಳು ಒಂದನ್ನೊಂದು ದಾಟಬಾರದು, ದಾಟಿದರೆ ಅವರ ಗುರಿಗಳನ್ನು ಅದಲುಬದಲು ಮಾಡಿ ಶ್ರಮ ಉಳಿಸಬಹುದು ಎಂಬ ಸರಳ ಸತ್ಯದಿಂದ ಅವನು ಹೊರಟನು. 1781ರ ಹೆಸರಿನಲ್ಲಿ ಅಕಾಡೆಮಿಯ ಸಂಪುಟದಲ್ಲಿ ಬಂದ ಈ ಲೇಖನ ಬಹುಕಾಲ ಹೆಚ್ಚು ಮಂದಿಯ ಗಮನಕ್ಕೆ ಬರಲಿಲ್ಲ. 1942ರಲ್ಲಿ ಸೋವಿಯತ್ ಗಣಿತಜ್ಞ ಕಾಂಟೊರೊವಿಚ್, ಮೋಂಜ್‌ನ ಬರಹವನ್ನು ಅರಿಯದೆಯೇ, ಅದೇ ಪ್ರಶ್ನೆಯನ್ನು ಬೇರೊಂದು ರೂಪದಲ್ಲಿ ಎತ್ತಿಕೊಂಡನು. ಸಂಪನ್ಮೂಲಗಳ ಹಂಚಿಕೆಯನ್ನು ಕುರಿತ ಅವನ ಕೆಲಸಕ್ಕೆ 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಈಗ ಗಣಕಯಂತ್ರಗಳು ಎರಡು ಆಕಾರಗಳನ್ನು ಹೋಲಿಸಿ ನೋಡಲು ಇದನ್ನೇ ಬಳಸುತ್ತವೆ. ಒಂದು ಆಕಾರವನ್ನು ಮಣ್ಣಿನ ರಾಶಿಯೆಂದು ಭಾವಿಸಿ, ಅದನ್ನು ಹೊತ್ತು ಇನ್ನೊಂದು ಆಕಾರವಾಗಿ ಸುರಿಯಲು ಎಷ್ಟು ಶ್ರಮವೆಂದು ಲೆಕ್ಕ ಹಾಕುತ್ತಾರೆ. ಶ್ರಮ ಕಡಿಮೆಯಾದಷ್ಟೂ ಆಕಾರಗಳು ಹತ್ತಿರದವು. ಈ ಅಳತೆಗೆ ತಜ್ಞರು ಇಟ್ಟಿರುವ ಹೆಸರಿನಲ್ಲಿಯೂ ಮಣ್ಣು ಸಾಗಿಸುವವನೇ ಇದ್ದಾನೆ.

ಎರಡನೆಯದು ವಕ್ರತೆಯ ಗೆರೆಗಳು. ನೀರಿನ ಕೊಡವೊಂದನ್ನು ನೋಡಿರಿ. ಅದರ ಮೈಮೇಲೆ ಯಾವ ಬಿಂದುವಿನಿಂದ ಹೊರಟರೂ ಸುತ್ತಲೂ ಬಳಸಿ ಹೋಗುವುದು ಒಂದು ದಾರಿ, ಕಂಠದಿಂದ ತಳಕ್ಕೆ ಇಳಿಯುವುದು ಇನ್ನೊಂದು. ಬಾಗು ಒಂದರಲ್ಲಿ ಅತಿ ಹೆಚ್ಚು, ಇನ್ನೊಂದರಲ್ಲಿ ಅತಿ ಕಡಿಮೆ. ಎರಡೂ ಒಂದಕ್ಕೊಂದು ಲಂಬ. ಬಾಗಿದ ಮೈಗಳಲ್ಲೆಲ್ಲ ಬಿಂದುಬಿಂದುವಿಗೂ ಇಂಥ ಎರಡು ದಿಕ್ಕುಗಳಿರುತ್ತವೆಂಬುದನ್ನು ಆಯ್ಲರ್ ಮೊದಲೇ ಕಂಡಿದ್ದನು. ಆ ದಿಕ್ಕುಗಳನ್ನು ಹಿಡಿದು ಸಾಗಿದರೆ ಇಡೀ ಮೈಯ ಮೇಲೆ ಗೆರೆಗಳ ಬಲೆಯೊಂದು ಹರಡುತ್ತದೆಂಬುದನ್ನು ತೋರಿಸಿ ಅದರ ಗುಣಗಳನ್ನು ಬಿಡಿಸಿಟ್ಟವನು ಮೋಂಜ್. ಅವನಿಗೆ ಇದು ಬರಿಯ ಬುದ್ಧಿವಿಲಾಸವಲ್ಲ. ಕಲ್ಲಿನ ಕಮಾನು ಚಾವಣಿ ಕಟ್ಟುವಾಗ ಕಲ್ಲುಗಳ ಸಂದುಗಳು ಈ ಗೆರೆಗಳನ್ನೇ ಅನುಸರಿಸಬೇಕು. ಆಗ ಕಲ್ಲಿನ ಮುಖಗಳು ಪರಸ್ಪರ ನೇರವಾಗಿ ಕೂಡಿ ಮೂಲೆಗಳು ಒಡೆಯುವುದಿಲ್ಲವೆಂದು ಅವನು ಹೇಳಿದನು. ಶಾಸನಸಭೆಯ ಭವನಕ್ಕೆ ಅಂಥ ಚಾವಣಿಯನ್ನು ಸೂಚಿಸಿದನು ಕೂಡ. ಅದನ್ನು ಯಾರೂ ಕಟ್ಟಲಿಲ್ಲ. ಆದರೆ ಬಾಗಿದ ಗಾಜಿನ ಚಾವಣಿಯನ್ನು ಚಪ್ಪಟೆಯಾದ ನಾಲ್ಕುಮೂಲೆಯ ಗಾಜಿನ ಹಲಗೆಗಳಿಂದ ಜೋಡಿಸಬೇಕಾದಾಗ, ಇಂದಿನ ವಾಸ್ತುಶಿಲ್ಪಿಗಳ ಗಣಕಯಂತ್ರಗಳು ಹುಡುಕುವುದು ಈ ವಕ್ರತೆಯ ಗೆರೆಗಳನ್ನೇ. ಆ ಗೆರೆಗಳ ಉದ್ದಕ್ಕೆ ಕತ್ತರಿಸಿದ ಹಲಗೆ ಹೆಚ್ಚುಕಡಿಮೆ ಚಪ್ಪಟೆಯಾಗಿಯೇ ಬರುತ್ತದೆ.

1777ರಲ್ಲಿ ಮೋಂಜ್ ಕಬ್ಬಿಣದ ಕುಲುಮೆಯ ಒಡತಿಯಾಗಿದ್ದ ತರುಣ ವಿಧವೆಯೊಬ್ಬಳನ್ನು ಮದುವೆಯಾದನು. ಲೋಹವಿದ್ಯೆಯ ಹುಚ್ಚು ಹಿಡಿದದ್ದು ಆ ಕುಲುಮೆಯಿಂದ. 1780ರಲ್ಲಿ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ಬಂದಿತು. 1783ರಲ್ಲಿ ಬೆಜೂ ತೀರಿಕೊಂಡ ಮೇಲೆ ಅವನ ಸ್ಥಾನದಲ್ಲಿ ನೌಕಾಪಡೆಯ ವಿದ್ಯಾರ್ಥಿಗಳಿಗೆ ಪರೀಕ್ಷಕನಾದನು. ಹೊಸ ಪರೀಕ್ಷಕ ಹೊಸ ಪಠ್ಯಪುಸ್ತಕ ಬರೆಯಬೇಕೆಂದು ಮಂತ್ರಿ ಒತ್ತಾಯಿಸಿದನಂತೆ. ಬೆಜೂನ ವಿಧವೆಗೆ ಗಂಡನ ಪುಸ್ತಕಗಳ ಮಾರಾಟವೊಂದೇ ಜೀವನಾಧಾರವಾಗಿತ್ತು. ಆ ಕಾರಣಕ್ಕೆ ಮೋಂಜ್ ಒಪ್ಪಲಿಲ್ಲ. ಪಠ್ಯಪುಸ್ತಕಗಳ ವ್ಯವಹಾರವನ್ನು ಬಲ್ಲ ನಮ್ಮಂಥವರಿಗೆ ಈ ಒಂದು ಸಂಗತಿಯಿಂದಲೇ ಮನುಷ್ಯ ಎಂಥವನೆಂದು ತಿಳಿದೀತು.

1789ರ ಮಹಾಕ್ರಾಂತಿ ಬಂದಾಗ ಅವನು ಮನಸಾರೆ ಅದನ್ನು ಸ್ವಾಗತಿಸಿದನು. 1792ರ ಆಗಸ್ಟಿನಲ್ಲಿ ರಾಜನ ಅಧಿಕಾರ ಕಳಚಿಬಿದ್ದ ದಿನ ನೌಕಾಮಂತ್ರಿಯಾಗಿ ಆರಿಸಲ್ಪಟ್ಟನು. ಆಡಳಿತ ಅವನ ಕೈಗೆ ಹೊಂದುವ ಕೆಲಸವಾಗಿರಲಿಲ್ಲ. ಎಂಟು ತಿಂಗಳಲ್ಲಿ ಬಿಟ್ಟು ಹೊರಬಂದನು. ಆದರೆ ಆ ಎಂಟು ತಿಂಗಳ ನಡುವೆ, 1793ರ ಜನವರಿ 21ರಂದು, ಹದಿನಾರನೆಯ ಲೂಯಿಯ ತಲೆ ಹೋಯಿತು. ಶಿಕ್ಷೆಯನ್ನು ಜಾರಿಗೆ ತಂದ ಮಂತ್ರಿಮಂಡಲದಲ್ಲಿ ಮೋಂಜ್ ಇದ್ದನು. ಆ ಲೆಕ್ಕವನ್ನು ರಾಜವಂಶ ಮರೆಯಲಿಲ್ಲ. ಯೂರೋಪಿನ ಸೇನೆಗಳೆಲ್ಲ ಫ್ರಾನ್ಸಿನ ಮೇಲೆ ಬಿದ್ದಾಗ, ನೆಲಮಾಳಿಗೆಗಳ ಮಣ್ಣಿನಿಂದ ಮದ್ದಿನುಪ್ಪು ತೆಗೆಯುವುದು, ಇಗರ್ಜಿಗಳ ಗಂಟೆ ಕರಗಿಸಿ ಫಿರಂಗಿ ಎರೆಯುವುದು ಮುಂತಾದ ಕೆಲಸಗಳಲ್ಲಿ ಹಗಲಿರುಳು ದುಡಿದನು. ಫಿರಂಗಿ ತಯಾರಿಸುವ ಬಗೆಯನ್ನು ಕುಲುಮೆಯ ಕೆಲಸಗಾರರಿಗೆ ತಿಳಿಸಲು ಒಂದು ಪುಸ್ತಕವನ್ನೂ ಬರೆದನು.

ಅವನ ಬಾಳಿನ ನಿಜವಾದ ಮುಹೂರ್ತ 1795ರ ಜನವರಿಯಲ್ಲಿ ಒದಗಿತು. ದೇಶದ ಮೂಲೆಮೂಲೆಗಳಿಂದ ಆರಿಸಿ ಕಳುಹಿಸಿದ ಸಾವಿರಕ್ಕೂ ಹೆಚ್ಚು ಮಂದಿಯನ್ನು ಪ್ಯಾರಿಸ್ಸಿಗೆ ಕರೆಸಿ ಅಧ್ಯಾಪಕರನ್ನಾಗಿ ತಯಾರು ಮಾಡಲು ಎಕೋಲ್ ನಾರ್ಮಾಲ್ ಎಂಬ ಶಾಲೆ ತೆರೆಯಿತು. ಅಲ್ಲಿ ಮೋಂಜ್ ತನ್ನ ರೇಖಾಗಣಿತವನ್ನು ಮೊದಲ ಬಾರಿಗೆ ಬಹಿರಂಗವಾಗಿ ಬೋಧಿಸಿದನು. ಅವನ ಮಾತುಗಳನ್ನು ಶೀಘ್ರಲಿಪಿಕಾರರು ಬರೆದುಕೊಂಡು ಅಚ್ಚು ಹಾಕಿಸಿದರು. ಕೋಟೆಯ ಗುಟ್ಟಾಗಿದ್ದುದು ಹಳ್ಳಿಯ ಮೇಷ್ಟರ ಕೈಗೆ ಬಂದಿತು. ಕೇಳುತ್ತ ಕುಳಿತವರಲ್ಲಿ ಒಬ್ಬ ದರ್ಜಿಯ ಮಗ ಫೂರಿಯೆ. ಶಾಖವನ್ನು ಕುರಿತು ಅವನು ಮುಂದೆ ಮಾಡಿದ ಗಣಿತ ಇಂದು ಲೋಕಪ್ರಸಿದ್ಧ. ನಾಲ್ಕು ತಿಂಗಳಲ್ಲಿ ಆ ಶಾಲೆ ಮುಚ್ಚಿಹೋಯಿತು. ಪಾಠ ಮಾತ್ರ ನಿಲ್ಲಲಿಲ್ಲ. ಮೋಂಜ್ ಮುಂದೆ ನಿಂತು ಕಟ್ಟಿದ ಎಕೋಲ್ ಪಾಲಿಟೆಕ್ನಿಕ್ ಆ ಹೊತ್ತಿಗೆ ಆರಂಭವಾಗಿತ್ತು. ಅಲ್ಲಿಗೆ ಪ್ರವೇಶ ಪರೀಕ್ಷೆಯಿಂದ. ಅಪ್ಪ ಯಾರೆಂದು ಕೇಳುವವರಿಲ್ಲ. ಮೆಜಿಯೇರಿನ ಬಾಗಿಲಿಗೆ ಮೋಂಜ್ ಕೊಟ್ಟ ಉತ್ತರ ಅದು. ಪಾಠ ಹೇಳುವಾಗ ಅವನು ಕೈಗಳಿಂದಲೇ ಗಾಳಿಯಲ್ಲಿ ಮೈಗಳನ್ನು ಮೂಡಿಸುತ್ತಿದ್ದನಂತೆ. ಅಂಗೈ ಬಾಗಿದರೆ ಗುಮ್ಮಟ, ತೋಳು ತಿರುಗಿದರೆ ಶಂಕು. ಪೊನ್ಸಲೆ, ಡ್ಯೂಪೆ, ಮಾಲ್ಯುಸ್ ಮೊದಲಾದ ದೊಡ್ಡ ಹೆಸರುಗಳು ಆ ಶಾಲೆಯಿಂದ ಹೊರಬಂದವು. ಅಲ್ಲಿ ಓದಿದ ಕ್ರೋಜೆ ಎಂಬವನು 1816ರಲ್ಲಿ ಅಮೆರಿಕದ ವೆಸ್ಟ್ ಪಾಯಿಂಟ್ ಶಾಲೆಗೆ ಹೋಗಿ ಈ ವಿದ್ಯೆಯನ್ನು ಅಲ್ಲಿ ನೆಟ್ಟನು.

ಇನ್ನು ನೆಪೋಲಿಯನ್ನನ ಸಖ್ಯ. 1796ರಲ್ಲಿ, ಗೆದ್ದ ಇಟಲಿಯಿಂದ ಚಿತ್ರ ಶಿಲ್ಪಗಳನ್ನು ಆರಿಸಿ ಪ್ಯಾರಿಸ್ಸಿಗೆ ಸಾಗಿಸುವ ಮಂಡಲಿಯ ಸದಸ್ಯನಾಗಿ ಮೋಂಜ್ ಅಲ್ಲಿಗೆ ಹೋದನು. ಹೊರದೇಶದ ವಸ್ತುಸಂಗ್ರಹಾಲಯಗಳಲ್ಲಿ ನಮ್ಮ ನಾಡಿನ ವಿಗ್ರಹಗಳನ್ನು ಕಂಡು ನಿಟ್ಟುಸಿರು ಬಿಡುವ ನಾವು ಇದನ್ನು ಮೆಚ್ಚುವುದು ಕಷ್ಟ. ಸ್ವಾತಂತ್ರ್ಯದ ಹೆಸರಿನಲ್ಲಿ ನಡೆದ ಕೊಳ್ಳೆಯಲ್ಲಿ ಅವನಿಗೆ ತಪ್ಪು ಕಾಣಿಸಲಿಲ್ಲವೆಂಬುದು ಅವನ ದೌರ್ಬಲ್ಯ. ಅಲ್ಲಿಯೇ ತರುಣ ಸೇನಾಪತಿಗೂ ಐವತ್ತರ ಅಧ್ಯಾಪಕನಿಗೂ ಬಿಡಿಸಲಾರದ ಸ್ನೇಹ ಬೆಳೆಯಿತು. 1798ರಲ್ಲಿ ಅವನ ಜೊತೆ ಈಜಿಪ್ಟಿಗೆ ಹೋದನು. ಮರಳುಗಾಡಿನಲ್ಲಿ ಬಾಯಾರಿದ ಸೈನಿಕರು ಎದುರಿನಲ್ಲಿ ಕೆರೆ ಕಂಡು ಓಡಿ ಮೋಸಹೋಗುತ್ತಿದ್ದರು. ಕಾದ ನೆಲದ ಬಳಿಯ ಗಾಳಿಯ ಪದರಗಳಲ್ಲಿ ಬೆಳಕಿನ ಕಿರಣ ದಾರಿ ತಪ್ಪುವುದರಿಂದ ಆಕಾಶವೇ ನೀರಿನಂತೆ ಕಾಣುತ್ತದೆಂದು ಮೋಂಜ್ ಮರೀಚಿಕೆಯನ್ನು ವಿವರಿಸಿದನು. ಕೈರೋದಲ್ಲಿ ಸ್ಥಾಪಿತವಾದ ಈಜಿಪ್ಟ್ ವಿದ್ವತ್ಸಂಸ್ಥೆಗೆ ಅಧ್ಯಕ್ಷ ಅವನು, ಉಪಾಧ್ಯಕ್ಷ ನೆಪೋಲಿಯನ್.

ಗಣರಾಜ್ಯದ ಸೇನಾಪತಿ ಸಾಮ್ರಾಟನಾದನು. ಕುಲೀನತೆಯನ್ನು ದ್ವೇಷಿಸಿದ ಸಂತೆ ವ್ಯಾಪಾರಿಯ ಮಗ ಕೌಂಟ್ ಆಫ್ ಪೆಲ್ಯೂಸ್ ಆದನು. ಇದು ಒಪ್ಪುವ ಮಾತಲ್ಲ, ನಿಜ. ಆದರೆ 1804ರಲ್ಲಿ ಸಾಮ್ರಾಟ ಪಾಲಿಟೆಕ್ನಿಕನ್ನು ಸೈನಿಕರ ಪಾಳೆಯವನ್ನಾಗಿ ಮಾಡಹೊರಟಾಗ ಅವನಿಗೆ ಎದುರಾಡಿದವನು ಮೋಂಜ್. ಶುಲ್ಕ ವಿಧಿಸಿದಾಗ ಬಡ ವಿದ್ಯಾರ್ಥಿಗಳಿಗಾಗಿ ಶಾಲೆಯಿಂದ ತನಗೆ ಬರಬೇಕಾದ ಹಣವನ್ನು ಬಿಟ್ಟುಕೊಟ್ಟನೆಂದು ಅವನ ಚರಿತ್ರಕಾರರು ಬರೆದಿದ್ದಾರೆ.

1812ರಲ್ಲಿ ರಷ್ಯದ ಹಿಮದಲ್ಲಿ ಮಹಾಸೇನೆ ನಾಶವಾದ ವರದಿ ಬಂದಾಗ ಮೋಂಜ್‌ನಿಗೆ ಲಕ್ವ ಹೊಡೆಯಿತು. 1815ರಲ್ಲಿ ವಾಟರ್‌ಲೂ ಆದ ಮೇಲೆ, ಎಲ್ಲರೂ ಬಿಟ್ಟುಹೋದ ಮಿತ್ರನೊಡನೆ ಅಮೆರಿಕಕ್ಕೆ ಹೊರಡಲು ಅರವತ್ತೊಂಬತ್ತರ ಮುದುಕ ಸಿದ್ಧನಾಗಿದ್ದನು. ಅದು ಕೈಗೂಡಲಿಲ್ಲ. ಹಿಂದಿರುಗಿದ ರಾಜವಂಶ 1816ರಲ್ಲಿ ಅವನನ್ನು ವಿದ್ವತ್ಸಂಸ್ಥೆಯಿಂದ ಹೊರಹಾಕಿ, ಅವನ ಪೀಠವನ್ನು ರಾಜಭಕ್ತನಾದ ತರುಣ ಗಣಿತಜ್ಞ ಕೋಶಿಗೆ ಕೊಟ್ಟಿತು. ಕೋಶಿ ದೊಡ್ಡ ಗಣಿತಜ್ಞನೆಂಬುದರಲ್ಲಿ ಸಂದೇಹವಿಲ್ಲ. ಆ ಪೀಠವನ್ನು ಸ್ವೀಕರಿಸಿದ್ದು ಮಾತ್ರ ಅವನಿಗೆ ಶೋಭೆ ತರಲಿಲ್ಲ. ನೆಪೋಲಿಯನ್ನನ ಕಾಲದಲ್ಲಿ ಮೋಂಜ್‌ನಂತೆಯೇ ಸೆನೆಟರನಾಗಿದ್ದ ಲಾಪ್ಲಾಸ್ ಗಾಳಿ ಬಂದ ಕಡೆ ತೂರಿಕೊಂಡು 1817ರಲ್ಲಿ ಮಾರ್ಕ್ವಿಸ್ ಆದನು. ಬಾಗಿದ ಮೈಗಳನ್ನು ಅಷ್ಟೊಂದು ಬಲ್ಲ ಮೋಂಜ್‌ನಿಗೆ ತಾನು ಬಾಗುವುದು ಬರಲಿಲ್ಲ.

1818ರ ಜುಲೈ 28ರಂದು ಮೋಂಜ್ ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ಗುರುವಿನ ಅಂತ್ಯಸಂಸ್ಕಾರಕ್ಕೆ ಹೋಗಲು ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಅನುಮತಿ ಬೇಡಿದರು. ರಾಜನ ಸರ್ಕಾರ ಕೊಡಲಿಲ್ಲ. ಹಳೆಯ ಸಂಗಾತಿ, ಇಟಲಿಗೂ ಈಜಿಪ್ಟಿಗೂ ಜೊತೆಯಲ್ಲಿ ಬಂದಿದ್ದ ರಸಾಯನಶಾಸ್ತ್ರಜ್ಞ ಬರ್ತೊಲೆ ಸಮಾಧಿಯ ಬಳಿ ನಾಲ್ಕು ಮಾತನಾಡಿದನು. ಸಂಸ್ಕಾರದ ದಿನ ವಿದ್ಯಾರ್ಥಿಗಳು ಆಜ್ಞೆಯನ್ನು ಮೀರಲಿಲ್ಲ. ಮರುದಿನ ಎಲ್ಲರೂ ಸೇರಿ ಪೇರ್ ಲಾಶೇಸ್ ಸ್ಮಶಾನಕ್ಕೆ ನಡೆದುಹೋಗಿ ಗುರುವಿನ ಸಮಾಧಿಗೆ ಹೂಮಾಲೆ ಇಟ್ಟುಬಂದರು. ಮಹಾಕ್ರಾಂತಿಯ ಇನ್ನೂರನೆಯ ವರ್ಷವಾದ 1989ರ ಡಿಸೆಂಬರಿನಲ್ಲಿ ಫ್ರೆಂಚ್ ಗಣರಾಜ್ಯ ಅವನ ಅವಶೇಷಗಳನ್ನು ಪ್ಯಾಂಥಿಯನ್ನಿಗೆ ಒಯ್ದಿತು.